ಕೆಂಪು ಬೊಟ್ಟಿನ ಡಬ್ಬಿ

ಹಾವೇರಿಯ ಬಸ್ಸುಗಳು ತಮ್ಮ ಗಂಟಲಿನ ಜೋರಿನಿಂದಲೇ ಓಡುತ್ತಿವೆ ಎಂದು ಪ್ರಭುಲಿಂಗಪ್ಪನವರು ಬಹಳ ವರ್ಷ ನಂಬಿದ್ದರು. ನಂಬಿಕೆಗೆ ಆಧಾರವೂ ಇತ್ತು. ಬಸ್ ನಿಲ್ದಾಣದಲ್ಲಿ ಅವರು ಕಂಟ್ರೋಲರ್. ಗಾಜಿನ ಕಿಟಕಿಯ ಸಣ್ಣ ಕೋಣೆ, ಎದುರಿಗೊಂದು ಮೈಕು, ಪಕ್ಕದಲ್ಲಿ ಆರಿದ ಚಹಾ. "ಮೋಟೆಬೆನ್ನೂರು, ಬ್ಯಾಡಗಿ ಕಡೆಗೆ ಹೋಗುವ ಪ್ರಯಾಣಿಕರ ಗಮನಕ್ಕೆ" ಎಂದು ಶುರು ಮಾಡಿದರೆ ಬ್ಯಾಡಗಿಗೆ ಹೋಗುವವರಷ್ಟೇ ಅಲ್ಲ, ಅಗಡಿಗೆ ಹೋಗುವವರೂ ಗಾಬರಿಯಿಂದ ಎದ್ದು ನಿಲ್ಲುತ್ತಿದ್ದರು, ಅಂಥ ಧ್ವನಿ. ಯಾರಾದರೂ ಕಿಟಕಿಗೆ ಮುಖವಿಟ್ಟು "ಸಾಹೇಬ್ರ, ಗಾಡಿ ಯಾವಾಗ ಬರತೈತ್ರಿ?" ಎಂದು ಕೇಳಿದರೆ ತಲೆ ಎತ್ತುತ್ತಿರಲಿಲ್ಲ. "ಬರತೈತಿ, ಕುಂದ್ರಿ" ಎನ್ನುತ್ತಿದ್ದರು. ಮೊದಲು ರಾಣೆಬೆನ್ನೂರಿನಲ್ಲಿ, ಆಮೇಲೆ ಬ್ಯಾಡಗಿಯಲ್ಲಿ, ಕೊನೆಗೆ ಹಾವೇರಿಯಲ್ಲಿ, ಹೀಗೆ ಮೂರೂ ಊರಿನ ಜನರನ್ನು ಅವರು ಎಬ್ಬಿಸಿದ್ದರು, ಕೂರಿಸಿದ್ದರು, ಓಡಿಸಿದ್ದರು.

ಅವರು ನಿವೃತ್ತರಾದ ಮರುದಿನವೂ ಬಸ್ಸುಗಳು ಓಡಿದವು. ಈ ಸಂಗತಿಯನ್ನು ಪ್ರಭುಲಿಂಗಪ್ಪನವರು ಮನಸ್ಸಿಗೆ ಬಹಳ ಹಚ್ಚಿಕೊಂಡರು.

ಆಮೇಲೆ ಆ ಧ್ವನಿಗೆ ಉಳಿದ ಪ್ರಯಾಣಿಕಳು ಹೆಂಡತಿ ನೀಲಗಂಗವ್ವ ಒಬ್ಬಳೇ. ಹಸಿವಾಗಿದೆ ಎಂಬುದನ್ನೂ ಅವರು ಪ್ರಕಟಣೆಯ ಧಾಟಿಯಲ್ಲೇ ಹೇಳುತ್ತಿದ್ದರು. ಆಕೆ ಒಲೆಯ ಮುಂದಿನಿಂದ, "ಮೈಕ್ ಬಂದ್ ಮಾಡ್ರಿ ಸಾಕು. ರೊಟ್ಟಿ ಗಾಡಿ ಇನ್ನೂ ಡಿಪೋ ಬಿಟ್ಟಿಲ್ಲ" ಎನ್ನುತ್ತಿದ್ದಳು. ಮಕ್ಕಳಿಲ್ಲದ ಮನೆ. ಇಬ್ಬರ ಈ ಜಗಳವೇ ಎಂಟು ಜನರಷ್ಟು ಗದ್ದಲ ಮಾಡಿ ಮನೆ ತುಂಬುತ್ತಿತ್ತು. ಹಿಂದಿನ ವರ್ಷದ ಶ್ರಾವಣದಲ್ಲಿ ನೀಲಗಂಗವ್ವ ಒಂದು ಸಣ್ಣ ಜ್ವರದ ನೆಪ ಮಾಡಿಕೊಂಡು ಹೊರಟುಹೋದಳು. ಯಾವ ಪ್ರಕಟಣೆಯನ್ನೂ ಮಾಡದೆ ಹೊರಟ ಗಾಡಿಯೆಂದರೆ ಅದೊಂದೇ.

ಓಣಿಯ ಜನ ಒಳ್ಳೆಯವರು. ಹೆಂಗಸಿಲ್ಲದ ಮನೆಯಲ್ಲಿ ಒಲೆ ಹೇಗೆ ಹೊತ್ತೀತು ಎಂದು ಡಬ್ಬಿಗಳು ಬರತೊಡಗಿದವು. ಎದುರುಮನೆಯ ಗಿರಿಯಪ್ಪನ ಹೆಂಡತಿ ಎಣ್ಣೆಗಾಯಿ ಕಳಿಸಿದಳು. ಮೂಲೆಮನೆಯಿಂದ ಗೋಧಿ ಹುಗ್ಗಿ ಬಂತು. ಪಕ್ಕದ ಮನೆಯ ಮುಮ್ತಾಜಬಿಯ ಮಗಳು ಮುಸ್ಕಾನ್ ಕಾಲೇಜಿನಿಂದ ಬಂದವಳೇ ಬ್ಯಾಗು ಕೂಡ ಇಳಿಸದೆ ಬಾಗಿಲಲ್ಲಿ ನಿಂತು "ಕಾಕಾ, ಡಬ್ಬಿ!" ಎಂದು ಕೂಗುತ್ತಿದ್ದಳು. ಅಷ್ಟು ಕೂಗಿಗೆ ಪ್ರಭುಲಿಂಗಪ್ಪನವರು ಮಧ್ಯಾಹ್ನದಿಂದಲೇ ಕಿವಿ ತೆರೆದು ಕೂತಿರುತ್ತಿದ್ದರು. ಬಾಗಿಲಿಗೆ ಬರುವಾಗ ಮಾತ್ರ ಏನೋ ದೊಡ್ಡ ಕೆಲಸದ ನಡುವೆ ಎದ್ದು ಬಂದವರಂತೆ ಕನ್ನಡಕ ಸರಿಪಡಿಸಿಕೊಳ್ಳುತ್ತಿದ್ದರು.

ಮುಮ್ತಾಜಬಿಯ ಡಬ್ಬಿಗೆ ಒಂದು ವಿಶೇಷವಿತ್ತು. ಆಕೆಯ ಗಂಡ ಗೂಡುಸಾಬ ಬ್ಯಾಡಗಿಯಲ್ಲಿ ಒಣಮೆಣಸಿನಕಾಯಿ ವ್ಯಾಪಾರ ಮಾಡುವವನು. ಅವರ ಮನೆಯಲ್ಲಿ ವಾರಕ್ಕೆರಡು ಸಲ ಮಾಂಸದ ಅಡುಗೆ. ನೀಲಗಂಗವ್ವನದು ಈರುಳ್ಳಿ ಹೆಚ್ಚಾದರೂ ಮೂಗು ಮುರಿಯುವ ಲಿಂಗಾಯತರ ಮನೆ. ಆದ್ದರಿಂದ ಮುಮ್ತಾಜಬಿ ಈ ಮನೆಗೆಂದೇ ಒಂದು ಸ್ಟೀಲ್ ಡಬ್ಬಿಯನ್ನು ಬೇರೆ ಇಟ್ಟಿದ್ದಳು. ಅದರಲ್ಲಿ ಎಂದೂ ಮಾಂಸ ಬಿದ್ದಿರಲಿಲ್ಲ. ತನ್ನ ಮನೆಯ ಬೇರೆ ಡಬ್ಬಿಗಳ ಜೊತೆ ಕೂಡಿಹೋಗದಿರಲಿ ಎಂದು ತಳದಲ್ಲಿ ಕೆಂಪು ನೇಲ್ ಪಾಲಿಶ್‌ನ ಒಂದು ಬೊಟ್ಟು ಇಟ್ಟಿದ್ದಳು. ರಂಜಾನ್ ಹಬ್ಬದ ಬೆಳಿಗ್ಗೆ ಹಾಲು-ಶಾವಿಗೆಯ ಸುರಕುಂಬಾ ಬರುತ್ತಿದ್ದದ್ದೂ ಅದರಲ್ಲೇ. "ನೋಡ್ರಿ, ನಾ ಕೇಳಿಲ್ಲ, ಆಕಿ ಹೇಳಿಲ್ಲ" ಎಂದು ನೀಲಗಂಗವ್ವ ಒಮ್ಮೆ ಆ ಬೊಟ್ಟನ್ನು ಗಂಡನಿಗೆ ತೋರಿಸಿದ್ದಳು. "ತನ್ನಷ್ಟಕ್ಕ ತಾನ ಹಚ್ಚ್ಯಾಳ. ಇಂಥಾ ಮಂದಿ ಸಿಗೂದಿಲ್ಲ."

ಡಬ್ಬಿ ಬರುವುದು ಸುಲಭ, ಹೋಗುವುದೇ ಕಷ್ಟ. ನಮ್ಮ ಕಡೆ ಬಂದ ಡಬ್ಬಿಯನ್ನು ಖಾಲಿ ತಿರುಗಿ ಕೊಡುವ ಹಾಗಿಲ್ಲ. ಹೆಂಗಸರು ಇದ್ದ ಮನೆಯಲ್ಲಿ ಇದು ತಾನಾಗಿ ನಡೆದುಹೋಗುವ ವ್ಯವಹಾರ. ಗಂಡಸರಿಗೆ ಇದರ ಸುಳಿವೂ ಇರುವುದಿಲ್ಲ. ಪ್ರಭುಲಿಂಗಪ್ಪನವರಿಗೆ ಸುಳಿವಿತ್ತು, ದಾರಿ ಗೊತ್ತಿರಲಿಲ್ಲ. ಬರುವ ಅಡುಗೆಯಲ್ಲಿ ಒಂದು ಹೊತ್ತು, ಖಾನಾವಳಿಯ ರೊಟ್ಟಿಯಲ್ಲಿ ಒಂದು ಹೊತ್ತು ಕಳೆಯುವ ಅವರಿಗೆ ಚಹಾ ಬಿಟ್ಟು ಬೇರೇನೂ ಮಾಡಲು ಬರುತ್ತಿರಲಿಲ್ಲ. ಮೊದಲ ಸಲ ಬುದ್ಧಿ ಓಡಿಸಿ ಕೆಂಪು ಬೊಟ್ಟಿನ ಡಬ್ಬಿಯ ತುಂಬ ಸಕ್ಕರೆ ಹಾಕಿ ಕೊಟ್ಟರು. ಸಂಜೆಯೇ ಗೂಡುಸಾಬ ಗೋಡೆಯಾಚೆಯಿಂದ ಕೂಗಿದ:

"ಕಂಟ್ರೋಲರ್ ಸಾಹೇಬ್ರ, ನನ್ನ ಮ್ಯಾಲೆ ಏನ್ ಸಿಟ್ರಿ? ಡಾಕ್ಟರು ನೋಡಾಕೂ ಬ್ಯಾಡ ಅಂದಿದ್ದನ್ನ ಡಬ್ಬಿ ತುಂಬಾ ಕಳಿಸೀರಲ್ಲ!"

ಗೂಡುಸಾಬನಿಗೆ ಸಕ್ಕರೆ ಕಾಯಿಲೆ. ಆತ ತಮಾಷೆಗೆ ಅಂದದ್ದು. ಓಣಿಯೆಲ್ಲ ನಕ್ಕಿತು, ಪ್ರಭುಲಿಂಗಪ್ಪನವರೂ ನಕ್ಕರು. ಒಳಗೆ ಬಂದು ಮಾತ್ರ ಅವರಿಗೆ ನೀಲಗಂಗವ್ವನ ಮಾತು ನೆನಪಾಯಿತು: "ಸಕ್ಕರಿ ಹಾಕಿ ಕಳಿಸೂದು ಕೈಲಾಗದವರ ಕೆಲಸ. ಬೇಯಿಸಿ ಕೊಟ್ಟಿದ್ದಕ್ಕ ಬೇಯಿಸಿದ್ದ ಹೋಗಬೇಕು." ಮೂರು ಊರಿನ ಸಂಚಾರ ನಿಯಂತ್ರಿಸಿದ ಮನುಷ್ಯ ಕೈಲಾಗದವನೆಂದು ಅನ್ನಿಸಿಕೊಳ್ಳುವುದೇ? ಅಂದಿನಿಂದ ಒಂದು ತೀರ್ಮಾನ ಮಾಡಿದರು. ಸರಿಯಾದ ಅಡುಗೆ ಕಲಿಯುವವರೆಗೆ ಡಬ್ಬಿ ಹೊರಡುವುದಿಲ್ಲ.

ಅಡುಗೆ ಕಲಿಯುವುದು ಮುಂದಿನ ಸೋಮವಾರದಿಂದ ಎಂದು ನಿಗದಿಯಾಯಿತು. ಎಷ್ಟೋ ಸೋಮವಾರಗಳು ಬಂದು ಹೋದವು. ಡಬ್ಬಿಗಳು ಬಂದವು, ಹೋಗಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಒಂದರ ಮೇಲೊಂದು ಏರಿ ಕೂತವು.

ಹೀಗಿರುವಾಗ ರಾಣೆಬೆನ್ನೂರಿನಿಂದ ಆ ಯಂತ್ರ ಬಂತು.

ಪ್ರಭುಲಿಂಗಪ್ಪನವರ ತಂಗಿಯ ಮಗಳು ಶೈಲಾ ರಾಣೆಬೆನ್ನೂರಿನ ದೊಡ್ಡ ಕುಟುಂಬಕ್ಕೆ ಸೊಸೆಯಾಗಿ ಹೋದವಳು. ಕೆಲಸದವರು ಬಾರದಿದ್ದ ಕೊರೋನಾ ಕಾಲದಲ್ಲಿ ಗಂಡನನ್ನು ಕಾಡಿ ಪಾತ್ರೆ ತೊಳೆಯುವ ಯಂತ್ರ ತರಿಸಿದ್ದಳು. ಅದರ ಮೇಲೆ ಅತ್ತೆಯ ಕಣ್ಣು ಬಿತ್ತು. "ಹಿಟ್ಟು ಕಲಸೂ ಪರಾತ ಒಳಗ ಹಿಡ್ಯೂದಿಲ್ಲ, ಹಂಚು ಹಿಡ್ಯೂದಿಲ್ಲ, ಹಿತ್ತಾಳಿ ತಂಬಿಗಿ ಹಾಕಿದ್ರ ಕಪ್ಪಾಗಿ ಬರತೈತಿ. ಮತ್ತ ತುಂಬೂತನಾ ಮುಸುರಿ ಒಳಗ ಇಟ್ಟಕೊಂಡು ಕುಂದ್ರತೈತಿ. ಮುಸುರಿ ಇಟ್ಟ ಮನ್ಯಾಗ ಲಕ್ಷ್ಮಿ ನಿಲ್ಲೂದಿಲ್ಲ, ಒಂದೋ ಅದಿರಬೇಕು ಇಲ್ಲಾ ಆಕಿ ಇರಬೇಕು" ಎಂದು ಅತ್ತೆ ತೀರ್ಪು ಕೊಟ್ಟಳು. ಲಕ್ಷ್ಮಿ ಉಳಿದಳು. ಯಂತ್ರ ಒಂದು ಗೂಡ್ಸ್ ಗಾಡಿ ಏರಿ ಹಾವೇರಿಗೆ ಬಂತು.

"ಮಾಮಾ, ನಿಮಗ ಮುಸುರಿ ತಿಕ್ಕೂ ತ್ರಾಸ ತಪ್ಪತೈತಿ" ಎಂದು ಶೈಲಾ ಫೋನಿನಲ್ಲಿ ಹೇಳಿದಳು. "ಆದ್ರ ನಿಮ್ಮಲ್ಲಿ ಬೋರ್ ನೀರು ಗಡಸು. ಅದಕ್ಕ ಅದರದ ಬ್ಯಾರೆ ಉಪ್ಪ ಬರತೈತಿ, ಅದನ್ನ ತರ್ರಿ. ಮನೀ ಉಪ್ಪ ಹಾಕಬ್ಯಾಡ್ರಿ ಮತ್ತ!"

ಗಾಡಿಯಿಂದ ಯಂತ್ರ ಇಳಿಯುವಾಗ ಎದುರುಮನೆಯ ಗಿರಿಯಪ್ಪ ಲುಂಗಿ ಎತ್ತಿ ಕಟ್ಟಿಕೊಂಡು ಬಂದ. ಓಣಿಯಲ್ಲಿ ಏನೇ ಇಳಿಯಲಿ, ಏರಲಿ, ಗಿರಿಯಪ್ಪನ ಮೇಲ್ವಿಚಾರಣೆ ಇಲ್ಲದೆ ಆಗುತ್ತಿರಲಿಲ್ಲ.

"ಏನ್ರಿ ಕಂಟ್ರೋಲರ್ರ ಇದು, ತಿಜೋರಿ?"

"ಭಾಂಡೆ ತೊಳಿಯೂ ಮಷೀನ. ಹನ್ನೆರಡ ಮಂದಿ ಉಂಡದ್ದು ಒಂದ ಸಲಕ್ಕ ತೊಳಿತೈತಿ."

"ಹನ್ನೆರಡ ಮಂದಿ!" ಗಿರಿಯಪ್ಪ ಖಾಲಿ ಪಡಸಾಲೆಯ ಒಳಗೆ ಇಣುಕಿ ನೋಡಿದ. "ಉಳಿದ ಹನ್ನೊಂದ ಮಂದಿ ಹಿಂದಿನ ಗಾಡಿಗೆ ಬರತಾರೇನ್ರಿ?"

ಪ್ರಭುಲಿಂಗಪ್ಪನವರು ಯಂತ್ರವನ್ನು ಅಡುಗೆಮನೆಗೆ ಸಾಗಿಸಿದರು. ಯಂತ್ರದ ಜೊತೆ ಬಂದಿದ್ದ ಪುಸ್ತಿಕೆಯನ್ನು ಅಂದೇ ಓದಿ ಮುಗಿಸಿ, ಮರುದಿನದಿಂದ ಅದರ ವಿಷಯದಲ್ಲಿ ಹಾವೇರಿ ಜಿಲ್ಲೆಗೇ ಪ್ರಮಾಣವಾದರು. ಕಟ್ಟೆಗೆ ಕೂತವರಿಗೆಲ್ಲ ಕೇಳದಿದ್ದರೂ ವಿವರಿಸಿದರು. ನಲ್ಲಿಯ ಕೆಳಗೆ ಕೂತು ತಿಕ್ಕುವವರು ಕೊಡಗಟ್ಟಲೆ ಸುರಿಯುತ್ತಾರೆ. ಇದಕ್ಕೆ ಒಂದು ಕೊಡದಷ್ಟು ನೀರು ಸಾಕು. ನಲ್ಲಿಗೆ ನೀರು ಬರುವುದು ಹಬ್ಬಕ್ಕೆ ಅಳಿಯ ಬಂದ ಹಾಗೆ ಆಗಿರುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಕೈ ಸುಟ್ಟುಹೋಗುವಂಥ ಬಿಸಿನೀರಿನಲ್ಲಿ ತೊಳೆಯುವುದರಿಂದ ಎಣ್ಣೆಗಾಯಿಯ ಜಿಡ್ಡು ಎರಡನೇ ಮಾತಾಡದೆ ಬಿಡುತ್ತದೆ. ಅದಕ್ಕೆ ಹಬ್ಬದ ರಜೆ ಇಲ್ಲ, ಊರಿನ ಸುದ್ದಿ ಬೇಡ, ತವರಿಗೆ ಹೋಗುವುದಿಲ್ಲ.

ಅವಗುಣಗಳು ಒಂದೊಂದಾಗಿ ಪರಿಚಯವಾದವು. ಅವುಗಳನ್ನು ಕಟ್ಟೆಯ ಮೇಲೆ ವಿವರಿಸಲಿಲ್ಲ. ಶೈಲಾ ಬೇಡವೆಂದ ಮನೆಯ ಉಪ್ಪನ್ನೇ ಉಳಿತಾಯಕ್ಕೆಂದು ಹಾಕಿದರು. ಗಾಜಿನ ಲೋಟಗಳು ಮೈತುಂಬ ಬಿಳಿ ಪಟ್ಟೆ ಎಳೆದುಕೊಂಡು, ಈಗಷ್ಟೇ ವಿಭೂತಿ ಧರಿಸಿ ಪೂಜೆಗೆ ಕೂತವರಂತೆ ಹೊರಬಂದವು. ಅಲ್ಯೂಮಿನಿಯಂ ಪಾತ್ರೆ ಕಪ್ಪಾಯಿತು. ಮೆಣಸಿನಪುಡಿಯ ಪ್ಲಾಸ್ಟಿಕ್ ಭರಣಿಯ ಬಣ್ಣ ಭರಣಿಯಿಂದ ಹೋಗಲಿಲ್ಲ, ಬದಲಿಗೆ ಪಕ್ಕದ ಬಿಳಿ ಬಟ್ಟಲಿಗೂ ಹತ್ತಿತು. ಖಾನಾವಳಿಯ ಬುತ್ತಿಯಲ್ಲಿ ಒಣಗಿ ಅಂಟಿದ ಅನ್ನದ ಅಗುಳನ್ನು ಯಂತ್ರ ಮುಟ್ಟಿಯೂ ನೋಡುವುದಿಲ್ಲ. ಅದನ್ನು ಮೊದಲು ಕೈಯಲ್ಲೇ ತೆಗೆದು ಇಡಬೇಕು. ತೊಳೆಯುವ ಯಂತ್ರಕ್ಕೆ ತೊಳೆದೇ ಕೊಡಬೇಕು, ದೊಡ್ಡ ಮನೆತನದ ಬೀಗರಿದ್ದ ಹಾಗೆ. ಅಷ್ಟಾದ ಮೇಲೆ ನೀಲಗಂಗವ್ವ ಕಾಲು ತಾಸಿನಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ಅದು ಎರಡು ತಾಸಿಗೂ ಮಿಕ್ಕಿ ಹೊಟ್ಟೆ ಗುಡುಗಿಸುತ್ತ ಕೂರುತ್ತಿತ್ತು.

ಆದರೆ ಎಲ್ಲಕ್ಕಿಂತ ದೊಡ್ಡ ಸಂಕಟ ಬೇರೆ. ಯಂತ್ರವನ್ನು ತುಂಬಿದ ಮೇಲೆಯೇ ನಡೆಸಬೇಕೆಂದು ಪುಸ್ತಿಕೆಯಲ್ಲಿ ದಪ್ಪಕ್ಷರದಲ್ಲಿತ್ತು. ಖಾಲಿ ಗಾಡಿ ಬಿಡುವವನು ಕಂಟ್ರೋಲರೇ ಅಲ್ಲ ಎಂದು ಸೇವೆಯುದ್ದಕ್ಕೂ ಹೇಳಿದವರು ಪ್ರಭುಲಿಂಗಪ್ಪನವರು. ಆದರೆ ಅವರ ದಿನದ ಮುಸುರೆ ಎಷ್ಟು? ಒಂದು ತಟ್ಟೆ, ಒಂದು ಬಟ್ಟಲು, ಒಂದು ಲೋಟ, ಚಹಾದ ಪಾತ್ರೆ. ಅಷ್ಟು ದೊಡ್ಡ ಬಾಯಿಯ ಮೂಲೆಯಲ್ಲಿ ಒಂದೇ ತಟ್ಟೆ ನಿಂತಾಗ, ಕೊನೆಯ ಗಾಡಿ ಹೋದ ಮೇಲೆ ನಿಲ್ದಾಣದಲ್ಲಿ ಉಳಿದ ಒಬ್ಬನೇ ಪ್ರಯಾಣಿಕನ ಹಾಗೆ ಕಾಣುತ್ತಿತ್ತು. ತುಂಬುವವರೆಗೆ ಕಾಯೋಣವೆಂದರೆ ಮುಸುರೆ ಮನೆಯಲ್ಲಿ ಕೊಳೆಯಬೇಕು; ಅದು ನೀಲಗಂಗವ್ವನಿಗೂ ಆಗದ ಮಾತು. ಆಕೆ ಇಲ್ಲ, ಆಕೆಯ ಕಾಯಿದೆಗಳು ಇದ್ದವು.

ಅಡುಗೆಮನೆಯ ಕಟ್ಟೆಯ ಮೇಲಿನ ಓಣಿಯ ಡಬ್ಬಿಗಳು ಆಗ ಕಣ್ಣಿಗೆ ಬಿದ್ದವು. ಅವು ತೊಳೆದೇ ಇದ್ದವು. ಇದ್ದರೇನು? ಸೀಟು ತುಂಬಬೇಕಲ್ಲ. ಪ್ರಭುಲಿಂಗಪ್ಪನವರು ತಮ್ಮ ಒಂದು ತಟ್ಟೆಯ ಜೊತೆಗೆ ಎಲ್ಲರ ಡಬ್ಬಿಗಳನ್ನೂ ಮುಚ್ಚಳ ಬೇರೆ, ಡಬ್ಬಿ ಬೇರೆ ಮಾಡಿ ಕೂರಿಸಿದರು. ಯಂತ್ರ ತುಂಬಿದ ಮನೆಯ ಹಾಗೆ ಕಂಡಿತು. ಗುಂಡಿ ಒತ್ತುವಾಗ ಗಂಟಲು ಸರಿಮಾಡಿಕೊಂಡು, "ಡಬ್ಬಿಗಳ ಗಮನಕ್ಕೆ" ಎಂದರು. ಯಾರೂ ನಗಲಿಲ್ಲ.

ಅಂದಿನಿಂದ ಅದೇ ರೂಢಿಯಾಯಿತು. ದಿನಾ ಊಟವಾದ ಮೇಲೆ ಡಬ್ಬಿಗಳು ಒಳಗೆ ಹೋಗುವುದು, ಹೊರಗೆ ಬರುವುದು. ಕೆಲಸ ಮುಗಿದಾಗ ಯಂತ್ರ ಪೀಂ ಪೀಂ ಎಂದು ಕೂಗುತ್ತಿತ್ತು. ಬಾಗಿಲು ತೆಗೆಯುವವರೆಗೆ ಬಿಡುತ್ತಿರಲಿಲ್ಲ. "ಬಂದೆ, ಬಂದೆ ತಡೀ" ಎನ್ನುತ್ತ ಪ್ರಭುಲಿಂಗಪ್ಪನವರು ಎದ್ದು ಹೋಗುತ್ತಿದ್ದರು. ಆ ಮನೆಯಲ್ಲಿ ಅವರನ್ನು ಕರೆಯುವ ಧ್ವನಿ ಈಗ ಅದೊಂದೇ ಆಗಿತ್ತು.

ಏಕೆಂದರೆ ಬಾಗಿಲಿನ ಕೂಗು ನಿಂತುಹೋಗಿತ್ತು. ನಿಂತದ್ದು ಒಂದೇ ದಿನದಲ್ಲಲ್ಲ. ಮೊದಲು ಮುಸ್ಕಾನ್ ಕಾಲೇಜಿನಿಂದ ಬಂದು ನೇರ ತನ್ನ ಮನೆಗೆ ಹೋಗತೊಡಗಿದಳು. ಆಮೇಲೆ ಮೂಲೆಮನೆಯ ಹುಗ್ಗಿ ನಿಂತಿತು, ಕೊನೆಗೆ ಗಿರಿಯಪ್ಪನ ಮನೆಯ ಎಣ್ಣೆಗಾಯಿ. ಪ್ರಭುಲಿಂಗಪ್ಪನವರು ಇದರಿಂದ ಮುನಿದರು. ಹೆಂಡತಿ ಸತ್ತು ವರ್ಷ ತುಂಬುವುದರೊಳಗೆ ಜನರ ಕರುಣೆಯ ಪಾಸ್ ಕೂಡ ಮುಗಿದುಹೋಗುತ್ತದೆ ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ನಿಜಾಂಶವನ್ನು ಹೇಳಿದವನು ಗಿರಿಯಪ್ಪ. ಒಂದು ಸಂಜೆ ಕಟ್ಟೆಯ ಮೇಲೆ ಕೂತು, ಹಲ್ಲಿನ ಸಂದಿಯ ಅಡಿಕೆ ತೆಗೆಯುತ್ತ ಅಂದ:

"ನಮ್ಮ ಮನಿಯಾಕಿ ನಿನ್ನೆ ಪಲ್ಯ ಮಾಡಿ ನಿಮಗ ಕಳಸಬೇಕಂತ ನೋಡಿದ್ಲ್ರಿ. ಡಬ್ಬೀನ ಇಲ್ಲ! ಓಣ್ಯಾಗ ಯಾರ ಮನ್ಯಾಗೂ ಇಲ್ಲ. ಎಲ್ಲಾ ನಿಮ್ಮ ಡಿಪೋದಾಗ ನಿಂತಾವು."

"ನಾ ಖಾಲಿ ಕೊಡಬಾರದಂತ ಇಟ್ಟೇನಪಾ."

"ಹಂಗಂದ್ರ ನೀವು ಕೊಡೂದಿಲ್ಲ, ನಾವು ಕೇಳೂದಿಲ್ಲ. ಕೇಳಿದ್ರ ಏನ್ ಚಂದ? ಒಂದ ಡಬ್ಬಿ ಸಲುವಾಗಿ ಬಂದ್ರು ಅಂತೀರಿ."

ಪ್ರಭುಲಿಂಗಪ್ಪನವರು ಒಳಗೆ ಹೋಗಿ ಡಬ್ಬಿಗಳ ಮುಂದೆ ನಿಂತರು. ಮರ್ಯಾದೆಗೆಂದು ಇಟ್ಟುಕೊಂಡ ವಸ್ತುಗಳು ತಮ್ಮ ಬಾಗಿಲಿಗೆ ತಾವೇ ಹಾಕಿಕೊಂಡ ಅಗುಳಿಯಾಗಿದ್ದವು. ಹಾಗೆಂದು ತಿಳಿದ ಮೇಲೆ ಇನ್ನಷ್ಟು ಕಷ್ಟವಾಯಿತು. ಇಷ್ಟು ದಿನ ಇಟ್ಟುಕೊಂಡು ಈಗ ಏನೆಂದು ಹೇಳಿ ಕ್ಷಮೆ ಕೇಳುವುದು? ಕ್ಷಮೆ ಕೇಳುವ ಪ್ರಕಟಣೆಗಳನ್ನು ಅವರು ಎಷ್ಟೋ ಮಾಡಿದ್ದರು. ಅವೆಲ್ಲ ಇಲಾಖೆಯ ಪರವಾಗಿ.

ರಂಜಾನ್ ಮುಗಿಯುತ್ತ ಬಂದಿತ್ತು. ಹಬ್ಬದ ಹಿಂದಿನ ದಿನ ಮಧ್ಯಾಹ್ನ ಬಾಗಿಲಲ್ಲಿ ಮುಸ್ಕಾನ್ ನಿಂತಿದ್ದಳು. ಕೈ ಖಾಲಿ. ಕೂಗಲಿಲ್ಲ, ಮೆಲ್ಲಗೆ ಕರೆದಳು.

"ಕಾಕಾ, ಚಂದ್ರ ಕಂಡ್ರ ನಾಳೆ ಹಬ್ಬ. ಅಮ್ಮಿ ಸುರಕುಂಬಾಕ್ಕ ನಿಮ್ಮ ಡಬ್ಬಿ ಕೇಳ್ಯಾಳ್ರಿ. ತಳಕ್ಕ ಕೆಂಪು ಬೊಟ್ಟು ಐತಲ್ರಿ, ಅದ. ಬ್ಯಾರೆ ಡಬ್ಬ್ಯಾಗ ನಿಮಗ ಕಳಸಾಕ ಅಮ್ಮಿ ಒಲ್ಲೆ ಅಂತಾಳ."

ಪ್ರಭುಲಿಂಗಪ್ಪನವರ ಎದೆಗೆ ತಂಗಾಳಿ ಬೀಸಿದ ಹಾಗಾಯಿತು. ಹೋಗಿ ಒಂದು ಡಬ್ಬಿ ತಿರುಗಿಸಿ ನೋಡಿದರು. ಬೊಟ್ಟಿಲ್ಲ. ಇನ್ನೊಂದು ತಿರುಗಿಸಿದರು. ಇಲ್ಲ. ಗಿರಿಯಪ್ಪನ ಮನೆಯದರ ಹಸಿರು ಪೇಂಟಿನ ಗೆರೆ ಇಲ್ಲ. ಮೂಲೆಮನೆಯದರ ಮೇಲೆ ಬರೆದಿದ್ದ ಅಕ್ಷರವೂ ಇಲ್ಲ. ದಿನಾ ಕುದಿನೀರಿನ ಸ್ನಾನ ಮಾಡಿ ಮಾಡಿ ಡಬ್ಬಿಗಳೆಲ್ಲ ಗುರುತು ಕಳಚಿ, ಒಬ್ಬ ತಾಯಿಯ ಮಕ್ಕಳ ಹಾಗೆ ಫಳಫಳ ಹೊಳೆಯುತ್ತಿದ್ದವು. ಯಂತ್ರ ಅಷ್ಟು ಚೊಕ್ಕಟವಾಗಿ ಕೆಲಸ ಮಾಡಿತ್ತು. ಅಳಿಯದೆ ಉಳಿದದ್ದು ಒಂದೇ ಒಂದು ಹೆಸರು: ತಾವು ದಿನಾ ಉಣ್ಣುವ ತಟ್ಟೆಯ ಅಂಚಿನಲ್ಲಿ, ಮೋಟೆಬೆನ್ನೂರಿನ ತವರಿನವರು ಮದುವೆಗೆ ಕೊರೆಸಿ ಕೊಟ್ಟ "ನೀಲಗಂಗವ್ವ".

ಅವರು ಬರಿಗೈಯಲ್ಲಿ ಹೊರಗೆ ಬಂದರು. "ಬೊಟ್ಟು ಕಾಣವಲ್ದವಾ" ಎಂದರು.

ಮುಸ್ಕಾನಳ ಮುಖ ಸಣ್ಣದಾಯಿತು. "ಹಂಗಾರ ಅಮ್ಮಿಗೆ ಹೇಳತೇನ್ರಿ" ಎಂದು ತಿರುಗಿ ಹೋದಳು. ಪ್ರಭುಲಿಂಗಪ್ಪನವರು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದರು. ನಾಳೆ ಸುರಕುಂಬಾ ಬರುವುದಿಲ್ಲ. ಬಾರದಿದ್ದರೆ ಒಂದು ಬಟ್ಟಲು ಶಾವಿಗೆ ಹೋಯಿತು ಅಷ್ಟೇ ಎಂದು ಸಮಾಧಾನ ಹೇಳಿಕೊಂಡು ನೋಡಿದರು, ಆಗಲಿಲ್ಲ. ನೀಲಗಂಗವ್ವ ಈ ಮನೆಗೆ ಮದುವೆಯಾಗಿ ಬರುವಾಗ ತಂದದ್ದು ಆ ತಟ್ಟೆ. ಬಂದ ಮೇಲೆ ಅವಳು ಸಂಪಾದಿಸಿದ್ದು ಈ ಡಬ್ಬಿ. ಅದನ್ನು ತಾವು ತೊಳೆದು ಹಾಕಿದ್ದರು.

ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದರು. ಒಂದು ದೊಡ್ಡ ಚೀಲ ಚುರುಮುರಿ ತಂದರು. ಬೇಯಿಸಿ ಕೊಟ್ಟಿದ್ದಕ್ಕೆ ಬೇಯಿಸಿದ್ದು ಹೋಗಬೇಕು, ಕನಿಷ್ಠ ಒಗ್ಗರಣೆಯನ್ನಾದರೂ ಕಂಡದ್ದು. ಬಾಣಲೆಗೆ ಎಣ್ಣೆ ಹಾಕಿದರು, ಸಾಸಿವೆ ಮುಖಕ್ಕೆ ಸಿಡಿಯಿತು, ಶೇಂಗಾ ಕರಕಾಯಿತು. ಗೂಡುಸಾಬ ಎಂದೋ ಕೊಟ್ಟಿದ್ದ ಬ್ಯಾಡಗಿ ಮೆಣಸಿನಪುಡಿಯನ್ನು ಅಂದಾಜಿಲ್ಲದೆ ಸುರಿದರು. ಚುರುಮುರಿ ಮದುಮಗಳ ಹಾಗೆ ಕೆಂಪಾಯಿತು. ಅದನ್ನು ಎಲ್ಲ ಡಬ್ಬಿಗಳಿಗೂ ತುಂಬಿ, ಹೊರಗಿನ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದರು. ಆಮೇಲೆ ಯಂತ್ರದ ಪುಸ್ತಿಕೆಯನ್ನು ಸುರುಳಿ ಸುತ್ತಿ ಬಾಯಿಗೆ ಹಿಡಿದರು.

"ಓಣಿಯ ಸಮಸ್ತ ತಾಯಂದಿರ ಗಮನಕ್ಕೆ!"

ಎಷ್ಟೋ ದಿನದ ಮೇಲೆ ಹೊರಬಿದ್ದ ಧ್ವನಿ. ನಾಯಿಯೊಂದು ಎದ್ದು ಓಡಿತು. ಕಿಟಕಿಗಳು ತೆರೆದವು.

"ನಿಮ್ಮ ಮನೆಗಳಿಂದ ಹೊರಟ ಡಬ್ಬಿಗಳು ತಾಂತ್ರಿಕ ಕಾರಣದಿಂದ ಕಂಟ್ರೋಲರ್ ಮನೆಯಲ್ಲಿ ನಿಂತಿದ್ದವು. ಈಗ ಒಂದನೇ ಅಂಕಣದಿಂದ ಹೊರಡಲಿವೆ. ಗುರುತುಗಳು ಅಳಿಸಿಹೋಗಿವೆ. ದಯವಿಟ್ಟು ಬಂದು ನಿಮ್ಮ ನಿಮ್ಮ ಡಬ್ಬಿಯನ್ನು ಗುರುತಿಸಿ ತೆಗೆದುಕೊಂಡು ಹೋಗಬೇಕು. ಆದ ತೊಂದರೆಗೆ..." ಇಲ್ಲಿ ಪುಸ್ತಿಕೆಯನ್ನು ಬಾಯಿಂದ ಇಳಿಸಿದರು. "ಆದ ತೊಂದರೆಗೆ ನಾನು ವಿಷಾದಿಸುತ್ತೇನೆ."

"ಇಲಾಖೆ ಅಲ್ಲ, 'ನಾನು' ಅಂದ್ರು, ಕೇಳಿದ್ರೇನು?" ಎಂದು ಗಿರಿಯಪ್ಪ ತನ್ನ ಬಾಗಿಲಿನಿಂದ ಕೂಗಿದ.

ಹೆಂಗಸರು ಬಂದರು. ಗುರುತು ಹೋಗಿದ್ದರಿಂದ ಯಾರಿಗೂ ಅಷ್ಟೇನೂ ತೊಂದರೆಯಾಗಲಿಲ್ಲ. ಒಬ್ಬಳು ಮುಚ್ಚಳ ತಿರುವಿ ನೋಡಿದಳು, ಒಬ್ಬಳು ಅಂಚು ಸವರಿದಳು. "ಇದು ನಮ್ಮದ ಬಿಡವಾ, ನಮ್ಮ ನಾದಿನಿ ಸಿಟ್ಟಿಲೆ ಒಗದಿದ್ಲು, ಇಲ್ಲಿ ಸೊಟ್ಟ ಆಗೇತಿ." ಪ್ರತಿ ಡಬ್ಬಿಗೂ ಒಂದು ಜಗಳದ ನೆನಪಿತ್ತು. ಗಿರಿಯಪ್ಪನ ಹೆಂಡತಿ ಚುರುಮುರಿಯ ಬಣ್ಣ ನೋಡಿ, "ಅಯ್ಯ ನಮ್ಮವ್ವ, ಇದನ್ನ ತಿಂದ್ರ ಬೆಂಕಿ ಆರಸಾಕ ಗಾಡಿ ಕರಸಬೇಕು" ಎಂದಳು. ಗಿರಿಯಪ್ಪ ಒಂದು ಹಿಡಿ ಬಾಯಿಗೆ ಹಾಕಿಕೊಂಡು, "ಏನೂ ಖಾರಿಲ್ಲ ಬಿಡ" ಎಂದ. ಬ್ಯಾಡಗಿ ಮೆಣಸಿನಕಾಯಿಯ ಗುಣವೇ ಅದು. ಬಣ್ಣಕ್ಕೆ ಜನ ಹೆದರುತ್ತಾರೆ, ಒಳಗೆ ಅಷ್ಟು ಖಾರವಿರುವುದಿಲ್ಲ. ಪ್ರಭುಲಿಂಗಪ್ಪನವರ ಧ್ವನಿಯೂ ಅದೇ ಜಾತಿಯದು.

ಎಲ್ಲರೂ ಹೋದರು. ಕಟ್ಟೆಯ ಮೇಲೆ ಒಂದು ಡಬ್ಬಿ ಉಳಿಯಿತು.

ಮುಮ್ತಾಜಬಿ ಕೊನೆಗೆ ಬಂದಳು, ಹಿಂದೆ ಮುಸ್ಕಾನ್. ಉಪವಾಸದ ಮುಖ ಬಾಡಿತ್ತು, ಸೆರಗು ತಲೆಯ ಮೇಲಿತ್ತು. ಡಬ್ಬಿಯನ್ನು ಎತ್ತಿ ತಿರುಗಿಸಿದಳು. ಮುಸ್ಕಾನ್ ಎಂದೋ ಕೈಜಾರಿ ಬೀಳಿಸಿದ ಪೆಟ್ಟು ತಳದಲ್ಲಿತ್ತು.

"ಇದ ಹೌದ್ರಿ ಅಣ್ಣಾರ. ಬೊಟ್ಟು ಏನಾತ್ರಿ?"

"ಮಷೀನ ತಿಂದಬಿಟ್ಟೈತ್ರಿ. ನೀವು ಯಾಕ ಹಚ್ಚಿದ್ರಿ ಅಂತ ನನಗ ಗೊತ್ತಿತ್ತು. ಗೊತ್ತಿದ್ದೂ ಒಳಗ ಹಾಕಿನಿ." ತಲೆ ತಗ್ಗಿಸಿ ಹೇಳಿದರು. "ಮುಸ್ಕಾನ್ ಹಂತೇಕ ಬಣ್ಣ ಇದ್ರ ಈಗ ಇಲ್ಲೇ ಹಚ್ಚಲಿ. ಒಯ್ಯಿರಿ."

ಮುಸ್ಕಾನ್ ಓಡಿಹೋಗಿ ನೇಲ್ ಪಾಲಿಶ್ ತಂದಳು. ಬೊಟ್ಟು ಇಟ್ಟು ಊದಿ ಆರಿಸಿದಳು. ಆದರೆ ಮುಮ್ತಾಜಬಿ ಡಬ್ಬಿ ಎತ್ತಿಕೊಳ್ಳಲಿಲ್ಲ. ಒಳಗಿನ ಚುರುಮುರಿಯನ್ನು ಸೆರಗಿಗೆ ಸುರಿದುಕೊಂಡು, "ಇದು ಸಂಜಿಗೆ ರೋಜಾ ಬಿಡೂ ಮುಂದ ಆಕ್ಕೈತಿ" ಎಂದು ಖಾಲಿ ಡಬ್ಬಿಯನ್ನು ಅವರ ಮುಂದೆ ಸರಿಸಿದಳು.

"ಡಬ್ಬಿ ನಿಮ್ಮಲ್ಲೇ ಇರ್ಲಿ ಅಣ್ಣಾರ."

"ಯಾಕ್ರಿ? ಮನಸ ಮುರೀತೇನ್ರಿ?"

"ಹಂಗಲ್ರೀ. ನಾಳೆ ನಮ್ಮನ್ಯಾಗ ಬೀಗರು ಬಿಜ್ಜರು ತುಂಬತಾರ. ಯಾರ್ ಯಾವದರಾಗ ಏನ್ ಹಾಕತಾರೊ! ಮೊದಲ ನಾ ಕಾವಲ ಇರತಿದ್ದೆ, ಈಗ ನನ್ನ ಕಣ್ಣೂ ಮಂಜ ಆಗ್ಯಾವು. ನಿಮ್ಮನ್ಯಾಗ ಇದರ ಜೋಡಿ ಕೂಡಿಹೋಗಾಕ ಮತ್ತೊಂದ ಡಬ್ಬಿ ಇಲ್ಲ. ಒಂದ ಇರತೈತಿ, ತಪ್ಪೂದಿಲ್ಲ."

ಆಕೆ ಸಹಜವಾಗಿ ಅಂದಳು. ಪ್ರಭುಲಿಂಗಪ್ಪನವರು ಒಂದು ಕ್ಷಣ ಒಳಗಿನ ಖಾಲಿ ಪಡಸಾಲೆಯ ಕಡೆಗೆ ನೋಡಿದರು. ಆ ಮನೆಯ ಒಂಟಿತನಕ್ಕೂ ಯಾರಿಗಾದರೂ ಉಪಯೋಗವಿದೆ ಎಂದು ಅವರಿಗೆ ಹೊಳೆದಿರಲಿಲ್ಲ.

"ಅಡಿಗಿ ಮಾಡಿದಾಗ ಮುಸ್ಕಾನ್ ಬಂದು ಡಬ್ಬಿ ಕೇಳತಾಳ, ಕೊಡ್ರಿ" ಎಂದಳು ಮುಮ್ತಾಜಬಿ.

"ಖಾಲೀನ ಕೊಡೂದ?"

"ಖಾಲೀನ ಕೊಡ್ರಿ. ಖಾಲಿ ತಿರುಗಿ ಕಳಸಬಾರದು ಅಂತ ಐತಿ, ಖಾಲಿ ತರಬಾರದು ಅಂತ ಯಾರ ಹೇಳ್ಯಾರ? ಇನ್ನ ಮ್ಯಾಲೆ ಡಬ್ಬಿ ನಿಮ್ಮದು. ಖಾಲಿ ಕಳಸದಂಗ ನೋಡಕೊಳ್ಳೂದು ನನ್ನ ಕೆಲಸ." ಮೆಟ್ಟಿಲಿಳಿಯುತ್ತ ತಿರುಗಿ, "ಆ ಮಷೀನದಾಗ ಮಾತ್ರ ಹಾಕಬ್ಯಾಡ್ರಿ ಮತ್ತ" ಎಂದಳು.

ಸಂಜೆ ಓಣಿಯಲ್ಲಿ ಪಟಾಕಿ ಕೇಳಿಸಿತು, ಚಂದ್ರ ಕಂಡಿರಬೇಕು. ಅಡುಗೆಮನೆಯ ಕಟ್ಟೆ ಬೋಳಾಗಿತ್ತು. ಪ್ರಭುಲಿಂಗಪ್ಪನವರು ಊಟ ಮಾಡಿ ನೀಲಗಂಗವ್ವನ ಹೆಸರಿನ ತಟ್ಟೆಯನ್ನು ಯಂತ್ರದೊಳಗಿಟ್ಟರು. ಇನ್ನು ಸೀಟು ತುಂಬಿಸಲು ಯಾರೂ ಇರಲಿಲ್ಲ. ಕರಕಲು ಹಿಡಿದ ಬಾಣಲೆಯನ್ನು ತೋರಿಸಿದರೆ ಯಂತ್ರ ಅದನ್ನು ಒಲ್ಲೆನೆನ್ನುತ್ತದೆಂದು ಪುಸ್ತಿಕೆ ಹೇಳುತ್ತಿತ್ತು. ತಟ್ಟೆಯನ್ನು ಹೊರಗೆ ತೆಗೆದು, ಬಾಣಲೆ, ಡಬ್ಬಿ, ತಟ್ಟೆ ಮೂರನ್ನೂ ನಲ್ಲಿಯ ಕೆಳಗಿಟ್ಟುಕೊಂಡು ಕುಕ್ಕರುಗಾಲಲ್ಲಿ ಕೂತರು. ಡಬ್ಬಿಯ ತಳವನ್ನು ಮಾತ್ರ ತಿಕ್ಕಲಿಲ್ಲ. ಬೊಟ್ಟಿನ ಸುತ್ತ ಬೆರಳಿನಿಂದ ಸವರಿದರು. ಯಂತ್ರ ಅಂದು ಕೂಗಲಿಲ್ಲ. ಮನೆ ಬಹಳ ಸುಮ್ಮನಿತ್ತು.

ಬೆಳಿಗ್ಗೆ ಬೇಗ ಎದ್ದು ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡರು. ಗೂಡುಸಾಬ ಹೊಸ ಟೋಪಿ ಇಟ್ಟುಕೊಂಡು ಈದ್ಗಾಕ್ಕೆ ಹೋಗುವುದು ಕಂಡಿತು. ಪಕ್ಕದ ಮನೆಯಿಂದ ತುಪ್ಪದಲ್ಲಿ ಶಾವಿಗೆ ಹುರಿಯುವ ವಾಸನೆ ಬಂತು. ಒಳಗೆ ಕೂತರೆ ಕೂಗು ಕೇಳಿಸದೆ ಹೋದೀತು ಎಂದು ಅವರು ಡಬ್ಬಿ ತೆಗೆದುಕೊಂಡು ಹೊರಗಿನ ಕಟ್ಟೆಗೆ ಬಂದರು. ಹಬ್ಬದ ಮನೆ, ನೂರು ಕೆಲಸ, ಹುಡುಗಿ ಈಗ ಬರಬಹುದು, ಆಮೇಲೆ ಬರಬಹುದು. ಓಣಿಯ ಆ ತುದಿಯವರೆಗೆ ನೋಡಿದರು, ಈ ತುದಿಯವರೆಗೆ ನೋಡಿದರು. ಕನ್ನಡಕ ಸರಿಪಡಿಸಿಕೊಳ್ಳಲು ಹೋಗಿ, ಅದನ್ನು ಹಾಕಿಕೊಂಡೇ ಇಲ್ಲವೆಂದು ತಿಳಿದು ಕೈ ಇಳಿಸಿದರು.

ಎದುರು ಕಟ್ಟೆಯಿಂದ ಗಿರಿಯಪ್ಪ ಹಲ್ಲುಜ್ಜುತ್ತ ಕೇಳಿದ, "ಯಾವ ಗಾಡಿಗೆ ನಿಂತೀರಿ ಕಂಟ್ರೋಲರ್ರ?"

ಪ್ರಭುಲಿಂಗಪ್ಪನವರು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, "ಬರತೈತಿ, ಕುಂದ್ರಿ" ಎಂದು ತಮಗೆ ತಾವೇ ಮೆಲ್ಲಗೆ ಹೇಳಿಕೊಂಡು ಕೂತರು.